ಹನ್ನೆರಡು ಅಡಿ ಗೋಳಕ್ಕೆ ಒಂದು ಅಂಗಿ

ಕೂಕಟ್‌ಪಲ್ಲಿಯ ಬಸ್ ಡಿಪೋದ ಹಿಂದಿನ ಗಲ್ಲಿಯಲ್ಲಿ ದಾನೇಶ್ವರಿ ಮತ್ತು ಮೌನಪ್ಪನವರ ಕವರ್ ಅಂಗಡಿ ಇತ್ತು. ಗಂಡ ಹೆಂಡತಿ ಇಬ್ಬರೂ ಲಿಂಗಸುಗೂರು ಕಡೆಯವರು. ಎರಡು ಹೊಲಿಗೆ ಯಂತ್ರ, ಕತ್ತರಿಸಲು ಒಂದು ಉದ್ದನೆಯ ಹಲಗೆ, ಗೋಡೆಗೆ ಒರಗಿಸಿಟ್ಟ ಬಟ್ಟೆಯ ಥಾನುಗಳು, ಇಷ್ಟೇ ಅಂಗಡಿ. ಮೊದಲು ಅವರು ಹೊಲಿಯುತ್ತಿದ್ದುದು ಫ್ರಿಜ್ಜು, ಮಿಕ್ಸಿ, ಸ್ಕೂಟರುಗಳ ಕವರು. ಆಮೇಲೆ ಮಾದಾಪುರದ ಕಡೆ ಗಾಜಿನ ಕಟ್ಟಡಗಳು ಏಳತೊಡಗಿದವು. ಕೂಕಟ್‌ಪಲ್ಲಿಯ ಫ್ಲ್ಯಾಟುಗಳಲ್ಲಿ ಮನೆಗೊಂದು ಕಂಪ್ಯೂಟರ್ ಬಂತು. ಧೂಳು ಕೂತರೆ ಕಂಪ್ಯೂಟರ್ ಕೆಡುತ್ತದೆ ಎಂದು ಯಾರೋ ಹೇಳಿದ್ದನ್ನು ಎಲ್ಲರೂ ನಂಬಿದ್ದರಿಂದ, 2004ರ ಹೊತ್ತಿಗೆ ದಾನೇಶ್ವರಿಯ ಯಂತ್ರಕ್ಕೆ ಬಿಡುವೇ ಇರಲಿಲ್ಲ.

ಆ ಕಾಲದ ಮಾನಿಟರುಗಳಿಗೆ ಹಿಂದೆ ದೊಡ್ಡ ಗೂನುಬೆನ್ನು. ಅದಕ್ಕೆ ಸರಿಯಾಗಿ ಕೂರುವಂತೆ ಕವರ್ ಹೊಲಿಯುವುದು ಎಲ್ಲರ ಕೈಯಲ್ಲಿ ಆಗುವ ಕೆಲಸವಲ್ಲ. ದಾನೇಶ್ವರಿ ಟೇಪು ಹಿಡಿದು ಒಂದು ಸುತ್ತು ಹಾಕಿದಳೆಂದರೆ ಸಾಕು, ಮುಂದಿನ ಮುಖ ಇಷ್ಟು, ಪಕ್ಕದ್ದು ಇಷ್ಟು, ಬೆನ್ನಿಗೆ ಇಷ್ಟು ಎಂದು ಬೆರಳ ಮೇಲೆ ಲೆಕ್ಕ ಕಟ್ಟಿ ಕತ್ತರಿ ಹಾಕುತ್ತಿದ್ದಳು. ಹೊಲಿದ ಮೇಲೆ ಒಂದು ಸುಕ್ಕೂ ಇರುತ್ತಿರಲಿಲ್ಲ. ಮೌನಪ್ಪನದು ಬೇರೆ ರೀತಿ. ಗಿರಾಕಿಗಳ ಜೊತೆ ಮಾತು, ಬಟ್ಟೆ ತರುವುದು, ದಪ್ಪ ಬಟ್ಟೆಯ ಒರಟು ಹೊಲಿಗೆ ಅವನ ಪಾಲಿನದು. ಹೆಸರು ಮಾತ್ರ ಮೌನಪ್ಪ. ಗಲ್ಲಿಯಲ್ಲಿ ಅವನಷ್ಟು ಮಾತಾಡುವವರು ಯಾರೂ ಇರಲಿಲ್ಲ. ಯಾರು ಏನೇ ಕೇಳಲಿ, "ಹೋ ಜಾಯೇಗಾ", ಆಗುತ್ತದೆ, ಎಂದು ಹೇಳಿಯೇ ಆಮೇಲೆ ಯೋಚಿಸುತ್ತಿದ್ದ.

ಆ ವರ್ಷ ಡಿಸೆಂಬರಿನ ಒಂದು ಶುಕ್ರವಾರ ಬೆಳಿಗ್ಗೆ ಅಂಗಡಿಗೆ ನೀಲಾ ಬಂದಳು. ಮಾದಾಪುರದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕಟ್ಟಡದ ವ್ಯವಸ್ಥೆಯೆಲ್ಲ ಅವಳದೇ ಜವಾಬ್ದಾರಿ. ಹಿಂದೆ ಇನ್ನೂರು ಮಾನಿಟರ್ ಕವರು ಇಲ್ಲೇ ಹೊಲಿಸಿದ್ದಳು. ತೆಲುಗಿನವಳಾದರೂ ಇವರ ಜೊತೆ ಹಿಂದಿಯಲ್ಲೇ ಮಾತು.

"ಹೊಸ ಕಟ್ಟಡದ ಮುಂದೆ ಭೂಗೋಳ ನಿಲ್ಲಿಸಿದ್ದೇವೆ. ಫೈಬರ್‌ದು, ಹನ್ನೆರಡು ಅಡಿ ಅಗಲ," ಎಂದಳು. "ಮುಂದಿನ ಗುರುವಾರ ಉದ್ಘಾಟನೆ. ಹೊರದೇಶದಿಂದ ನಮ್ಮ ದೊಡ್ಡವರು ಬರುತ್ತಾರೆ. ಅವರು ಹಗ್ಗ ಎಳೆದ ಕೂಡಲೇ ಮುಚ್ಚಿದ ಬಟ್ಟೆ ಬೀಳಬೇಕು. ಶಾಮಿಯಾನದವರನ್ನು ಕೇಳಿದೆ, ಮೇಲಿಂದ ಒಂದು ಪರದೆ ಹೊದಿಸಿ ಕೆಳಗೆ ಕಟ್ಟುತ್ತೇವೆ ಅಂದರು. ಅದು ಧೋಬಿಯ ಗಂಟಿನ ಹಾಗೆ ಕಾಣುತ್ತದೆ. ನನಗೆ ಅದು ಬೇಡ. ನಿಮ್ಮ ಮಾನಿಟರ್ ಕವರಿನ ಹಾಗೆ ಮೈಗೆ ಅಂಟಿಕೊಂಡಿರಬೇಕು. ಮರೂನ್ ಬಣ್ಣದ ಸ್ಯಾಟಿನ್. ಆಗುತ್ತದಾ?"

"ಹೋ ಜಾಯೇಗಾ ಮೇಡಂ!" ಎಂದ ಮೌನಪ್ಪ.

ದಾನೇಶ್ವರಿ ಹಲಗೆಯ ಕೆಳಗಿಂದ ಅವನ ಕಾಲು ತುಳಿದಳು. ಹೊತ್ತು ಮೀರಿತ್ತು. ನೀಲಾ ಆಗಲೇ ನಗುತ್ತಾ ಎದ್ದಿದ್ದಳು.

ಅವಳು ಹೋದ ಮೇಲೆ ದಾನೇಶ್ವರಿ ಕೇಳಿದಳು. "ಡಬ್ಬಿ ಆದ್ರ ಆರು ಮುಖ, ಅಳೀತೀನಿ, ಕತ್ತರಸ್ತೀನಿ. ಚೆಂಡಿಗೆ ಎಲ್ಲಿ ಮುಖ ಐತಿ? ಎಲ್ಲಿಂದ ಸುರು ಮಾಡ್ಲಿ ನಾ?"

"ಯಾಕ ಅಂಜತಿ? ಎರಡು ವರ್ಷದ ಹಿಂದ ಮಿಯಾಪುರದ ಸಾಲಿಗೆ ಆರಡಿ ಭೂಗೋಳಕ್ಕ ನಾನ ಕವರ್ ಮಾಡಿ ಕೊಟ್ಟಿಲ್ಲೇನು? ನೀ ಆವಾಗ ಊರಿಗೆ ಹೋಗಿದ್ದಿ. ಹದಿಮೂರು ಮೀಟರ್ ಬಟ್ಟಿ ಹತ್ತಿತ್ತು. ಇದು ಹನ್ನೆರಡಡಿ. ಅದರ ಡಬಲ್. ಇಪ್ಪತ್ತಾರು ಮೀಟರ್. ಮುಗೀತಲ್ಲ!"

"ಅದು ಸರಿಯಾಗಿ ಕುಂತಿತ್ತೇನು?"

ಮೌನಪ್ಪ ತುಸು ತಡೆದು, "ಸ್ವಲ್ಪ ಜೋಳಿಗಿ ಬಿದ್ದಂಗ ಇತ್ತು, ಆದ್ರ ಮುಚ್ಚಿತ್ತು," ಎಂದ. ಇನ್ನು ನಿಂತರೆ ಪ್ರಶ್ನೆಗಳು ಬರುತ್ತವೆಂದು ಚೀಲ ತೆಗೆದುಕೊಂಡು ಬಟ್ಟೆ ತರಲು ಹೊರಟೇಬಿಟ್ಟ. ಮಧ್ಯಾಹ್ನ ಊಟದ ಹೊತ್ತಿಗೆ ಇಪ್ಪತ್ತಾರು ಮೀಟರ್ ಮರೂನ್ ಸ್ಯಾಟಿನ್ ಹೆಗಲ ಮೇಲೆ ಹೊತ್ತು ಬಂದ. ಬಟ್ಟೆಯಂಗಡಿಯಲ್ಲಿ ಆ ಬಣ್ಣದ್ದು ಇದ್ದದ್ದೇ ಅಷ್ಟು, ತನಗಾಗಿಯೇ ಕಾದಿಟ್ಟಂತೆ ಸಿಕ್ಕಿತು ಎಂದು ಹಿಗ್ಗಿದ.

ದಾನೇಶ್ವರಿ ಬಟ್ಟೆ ಮುಟ್ಟಲಿಲ್ಲ. ಮನಸ್ಸಿಗೆ ಸಮಾಧಾನ ಇರಲಿಲ್ಲ. ಅವರ ಮಹಡಿಯ ಮೇಲಿನ ಮನೆಯಲ್ಲಿ ಗಂಗಾವತಿಯ ವಿಜಯಶ್ರೀ ಇದ್ದಳು. ಹತ್ತನೇ ತರಗತಿಯವರೆಗೆ ಗಣಿತದ ಟ್ಯೂಷನ್ ಹೇಳುತ್ತಿದ್ದಳು. ದಾನೇಶ್ವರಿಯ ಮಗಳು ತಾರಾ ಕೂಡ ಅಲ್ಲಿಗೇ ಹೋಗುತ್ತಿದ್ದಳು. ಊಟವಾದ ಮೇಲೆ ದಾನೇಶ್ವರಿ ಮೆಟ್ಟಿಲು ಹತ್ತಿದಳು. ಏನು ನಡೆಯುತ್ತದೋ ನೋಡೋಣ ಎಂದು ಮೌನಪ್ಪನೂ ಹಿಂದೆ ಬಂದ.

ವಿಜಯಶ್ರೀ ಬಾಗಿಲಲ್ಲೇ ಕೂತು ಚಳಿಗಾಲದ ಬಿಸಿಲಿಗೆ ಕಿತ್ತಳೆ ಸುಲಿಯುತ್ತಿದ್ದಳು. ವಿಷಯ ಕೇಳಿ, "ಇದು ಒಂಬತ್ತನೇತ್ತೆ ಪಾಠ ನೋಡ್ರಿ, ಮೇಲ್ಮೈ ವಿಸ್ತೀರ್ಣ," ಎಂದು ಒಳಗಿನಿಂದ ಪುಸ್ತಕ ತಂದು ಸೂತ್ರ ತೋರಿಸಿದಳು.

ದಾನೇಶ್ವರಿ ಆ ಅಕ್ಷರಗಳನ್ನು ನೋಡಿ ತಲೆ ಅಲ್ಲಾಡಿಸಿದಳು. "ಟೀಚರ್ರ, ನಮ್ಮ ಸಾಲ್ಯಾಗ ಈ ಪಾಠ ಬರೋದ್ರೊಳಗ ಗಣಿತದ ಮಾಸ್ತರರಿಗೆ ವರ್ಗ ಆಗಿಬಿಡ್ತು. ಪರೀಕ್ಷಾದಾಗ ಚೆಂಡಿನ ಲೆಕ್ಕ ಬಂತು, ಆ ಪುಟ ಖಾಲಿ ಬಿಟ್ಟು ಎದ್ದು ಬಂದಾಕಿ ನಾ. ನಂಗ ಅಕ್ಷರದಾಗ ಹೇಳಬ್ಯಾಡ್ರಿ. ಕೈಯಾಗ ಹಿಡಿಯೋ ಹಂಗ ಹೇಳ್ರಿ."

ವಿಜಯಶ್ರೀ ಬುಟ್ಟಿಯಿಂದ ದುಂಡನೆಯ ಕಿತ್ತಳೆಯೊಂದನ್ನು ಆರಿಸಿ, ಚಾಕುವಿನಿಂದ ನಟ್ಟನಡುವೆ ಕೊಯ್ದಳು. ಒಂದು ಅರ್ಧವನ್ನು ಹಳೆಯ ಪೇಪರಿನ ಮೇಲೆ ಬೋರಲು ಹಾಕಿ ಸುತ್ತ ಪೆನ್ಸಿಲ್ ಎಳೆದಳು. ಹಾಗೆ ಒಟ್ಟು ಐದು ವೃತ್ತ ಬರೆದು, ಎರಡೂ ಅರ್ಧಗಳ ಸಿಪ್ಪೆ ಸುಲಿದು ದಾನೇಶ್ವರಿಯ ಕೈಗೆ ಕೊಟ್ಟಳು.

"ಈ ಸಿಪ್ಪಿ ಅಂದ್ರ ಹಣ್ಣಿನ ಕವರ್. ಸಣ್ಣಸಣ್ಣ ಚೂರು ಮಾಡಿ ಈ ವೃತ್ತದಾಗ ಒತ್ತೊತ್ತಿ ಹೊಂದಸ್ರಿ. ಎಷ್ಟು ವೃತ್ತ ತುಂಬ್ತಾವ ಹೇಳ್ರಿ?"

"ಮೂರು," ಎಂದ ಮೌನಪ್ಪ ತಕ್ಷಣ.

ದಾನೇಶ್ವರಿ ಸಿಪ್ಪೆಯನ್ನು ಉಗುರಿನಷ್ಟು ಚೂರುಗಳಾಗಿ ಹರಿದು ಒಂದೊಂದಾಗಿ ಹೊಂದಿಸತೊಡಗಿದಳು. ಒಂದು ವೃತ್ತ ತುಂಬಿತು. ಎರಡು ತುಂಬಿತು. ಮೂರು ತುಂಬಿದರೂ ಸಿಪ್ಪೆ ಉಳಿದಿತ್ತು. ಮೌನಪ್ಪ ಬಗ್ಗಿ ನೋಡತೊಡಗಿದ. ನಾಲ್ಕನೆಯ ವೃತ್ತದ ಅಂಚಿಗೆ ಕೊನೆಯ ಚೂರು ಇಟ್ಟಾಗ ಅವಳ ಕೈ ಖಾಲಿಯಾಯಿತು. ಐದನೆಯ ವೃತ್ತದೊಳಗೆ ಒಂದು ಚೂರೂ ಹೋಗಲಿಲ್ಲ.

"ನಾಲ್ಕು!" ಎಂದಳು ದಾನೇಶ್ವರಿ. ಅವಳ ಮುಖ ಅರಳಿತು. "ಸರಿಯಾಗಿ ನಾಲ್ಕು ನೋಡ್ರಿ!"

"ಯಾವ ಚೆಂಡು ತಗೋರಿ, ನಿಂಬಿಕಾಯಿ ಇರ್ಲಿ, ನಿಮ್ಮ ಭೂಗೋಳ ಇರ್ಲಿ," ಎಂದಳು ವಿಜಯಶ್ರೀ. "ಅದರ ನಡು ಕೊಯ್ದರ ಎಷ್ಟು ದೊಡ್ಡ ವೃತ್ತ ಬರ್ತೈತೋ, ಅಂಥಾ ನಾಲ್ಕರಷ್ಟು ಅದರ ಚರ್ಮ."

ವೃತ್ತದ ಲೆಕ್ಕ ದಾನೇಶ್ವರಿಗೆ ಗೊತ್ತಿತ್ತು. ನೀರಿನ ಡ್ರಮ್ಮಿನ ಮುಚ್ಚಳಕ್ಕೆ ಕವರ್ ಹೊಲಿದು ರೂಢಿ. ಹನ್ನೆರಡು ಅಡಿ ಅಗಲದ ಒಂದು ವೃತ್ತಕ್ಕೆ ನೂರಾ ಹದಿಮೂರು ಚದರಡಿ. ಅಂಥವು ನಾಲ್ಕು ಅಂದರೆ ನಾನೂರಾ ಐವತ್ತೆರಡು. ನಲವತ್ತನಾಲ್ಕು ಇಂಚು ಪನ್ನದ, ಅಂದರೆ ಅಷ್ಟು ಅಗಲದ, ಸ್ಯಾಟಿನ್ನಿನಲ್ಲಿ ಒಂದು ಮೀಟರಿಗೆ ಹನ್ನೆರಡು ಚದರಡಿ ಬಟ್ಟೆ ಸಿಗುತ್ತದೆ. ಅವಳು ಬೆರಳ ಮೇಲೆ ಗುಣಿಸಿ ಗಂಡನ ಕಡೆ ತಿರುಗಿದಳು.

"ಒಂದು ಚೂರೂ ವೇಸ್ಟ್ ಆಗಲಾರದಂಗ ಹೊಲಿದ್ರೂ ಮೂವತ್ತೆಂಟು ಮೀಟರ್ ಬೇಕ್ರಿ. ನೀವು ತಂದಿದ್ದು ಇಪ್ಪತ್ತಾರು."

"ಅದ್ಹೆಂಗ? ಅಗಲ ಡಬಲ್, ಬಟ್ಟಿ ಡಬಲ್. ಇದರಾಗೇನು ಮೋಸ ಐತಿ?"

"ಒಬ್ಬರು ಮಲಗೋ ಚಾದರದ ಉದ್ದಾನೂ ಡಬಲ್ ಮಾಡ್ರಿ, ಅಗಲಾನೂ ಡಬಲ್ ಮಾಡ್ರಿ. ಎಷ್ಟು ಚಾದರ ಜೋಡಿಸಬೇಕಾಗ್ತೈತಿ?"

ಮೌನಪ್ಪ ಗಾಳಿಯಲ್ಲಿ ಕೈಯಾಡಿಸಿ ಚಾದರಗಳನ್ನು ಹಾಸಿ ನೋಡಿಕೊಂಡ. "ನಾಲ್ಕು," ಎಂದು ಒಪ್ಪಿಕೊಂಡು ತಲೆ ಕೆರೆದ. ಆದರೂ ಸೋಲಲು ಮನಸ್ಸಿಲ್ಲದೆ ಕೇಳಿದ. "ಹಂಗಾದ್ರ ಉಂಡಿ ಅಗಲ ಡಬಲ್ ಮಾಡಿದ್ರ ಅದಕ್ಕೂ ನಾಲ್ಕರಷ್ಟು ಹಿಟ್ಟು ಸಾಕೇನ್ರಿ ಟೀಚರ್ರ?"

"ಅಲ್ಲರಿ, ಎಂಟರಷ್ಟು ಬೇಕು. ಚರ್ಮಕ್ಕ ನಾಲ್ಕು ಪಟ್ಟು, ಒಳಗಿನ ತಿರುಳಿಗೆ ಎಂಟು ಪಟ್ಟು. ಅದು ಘನಫಲ. ಉದ್ದ, ಅಗಲ, ಎತ್ತರ ಮೂರೂ ಡಬಲ್ ಆಗ್ತಾವಲ್ಲ?"

"ಇದನ್ನಂತೂ ನಾ ನಂಬೂದಿಲ್ಲ," ಎಂದ ಮೌನಪ್ಪ.

ವಿಜಯಶ್ರೀ ಒಳಗೆ ಹೋಗಿ ಡಬ್ಬಿ ತಂದಳು. ಹಿಂದಿನ ದಿನ ಕಟ್ಟಿದ ಶೇಂಗಾ ಉಂಡಿ. ತಟ್ಟೆಯಲ್ಲಿ ನಾಲ್ಕು ಉಂಡಿ ಪುಡಿ ಮಾಡಿ ಒಂದಾಗಿ ಕಟ್ಟಿ, ಎರಡು ಸಣ್ಣ ಉಂಡಿಗಳನ್ನು ಪಕ್ಕದಲ್ಲಿಟ್ಟು ಹೋಲಿಸಿದರು. ಅಷ್ಟಗಲ ಬರಲಿಲ್ಲ. ಆರು ಹಾಕಿದರು, ಇನ್ನೂ ಕಡಿಮೆಯೇ. ಎಂಟನೆಯದನ್ನೂ ಸೇರಿಸಿ ಗಟ್ಟಿಯಾಗಿ ಕಟ್ಟಿದಾಗ ಅದು ಎರಡು ಉಂಡಿಗಳ ಅಗಲಕ್ಕೆ ಸರಿಯಾಗಿ ನಿಂತಿತು. ಮೌನಪ್ಪ ಆ ದೊಡ್ಡ ಉಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ಸುತ್ತ ತಿರುಗಿಸಿ ನೋಡಿ, "ಈಗ ನಂಬಿದೆ," ಎಂದು ಕಚ್ಚತೊಡಗಿದ. ಮುಗಿಸಲಾಗದೆ ಅರ್ಧ ಮಗಳಿಗೆ ತೆಗೆದಿಟ್ಟ.

ಮರುದಿನ ಶನಿವಾರ ಇಬ್ಬರೂ ಬಸ್ಸು ಹತ್ತಿ ಮಾದಾಪುರಕ್ಕೆ ಹೋದರು. ಗಾಜಿನ ಕಟ್ಟಡದ ಮುಂದೆ, ಮೂರಡಿ ಕಟ್ಟೆಯ ಮೇಲೆ ನೀಲಿ ಭೂಗೋಳ ನಿಂತಿತ್ತು. ಸುತ್ತ ಬಣ್ಣದವರು ಕಟ್ಟಿದ ಬೊಂಬಿನ ಸಾರುವೆ ಇನ್ನೂ ಬಿಚ್ಚಿರಲಿಲ್ಲ. ದಾನೇಶ್ವರಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಟೇಪು ಕೊರಳಿಗೆ ಹಾಕಿಕೊಂಡು ಸಾರುವೆ ಹತ್ತಿದಳು. ಕೆಳಗೆ ನೀಲಾ ಬೊಂಬು ಅದುಮಿ ಹಿಡಿದು ನಿಂತಳು.

ಮನುಷ್ಯರಿಗೆ ಅಳತೆ ತೆಗೆದುಕೊಳ್ಳುವ ಹಾಗೆಯೇ ಅವಳು ಗೋಳಕ್ಕೂ ತೆಗೆದುಕೊಂಡಳು. ನಡುವಿನ ಸುತ್ತಳತೆ ಮೂವತ್ತೇಳು ಅಡಿ ಎಂಟು ಇಂಚು. ನೆತ್ತಿಯಿಂದ ನಡುವಿನವರೆಗೆ ಒಂಬತ್ತೂವರೆ ಅಡಿಗೆ ಒಂದಿಂಚು ಕಡಿಮೆ. ಆಮೇಲೆ ನಡುವಿನ ಸುತ್ತ ಹದಿನಾರು ಗುರುತು ಹಾಕಿ, ಒಂದೊಂದು ಗುರುತಿಗೂ ನೆತ್ತಿಯಿಂದ ದಾರ ಇಳಿಬಿಟ್ಟಳು. ಕಿತ್ತಳೆಯ ತೊಳೆಗಳ ಹಾಗೆ ಗೋಳ ಹದಿನಾರು ಭಾಗವಾಯಿತು. ಎರಡು ದಾರಗಳ ನಡುವಿನ ಅಂತರವನ್ನು ಒಂದೊಂದು ಅಡಿಗೂ ಅಳೆದು ಕೂಗಿ ಹೇಳಿದಳು. ಮೌನಪ್ಪ ಕೆಳಗೆ ನಿಂತು ಬರೆದುಕೊಂಡ.

"ನಡುವಿನ ಹತ್ರ ಇಪ್ಪತ್ತೆಂಟೂ ಕಾಲು ಇಂಚು, ಬರ್ಕೋರಿ!"

"ಬರದೆ. ನಡುವಿಗೂ ನೆತ್ತಿಗೂ ಮಧ್ಯದಾಗ ಹದಿನಾಲ್ಕು ಇರಬೇಕಲ್ಲ?"

"ಇಲ್ರಿ, ಇಪ್ಪತ್ತು ಐತಿ!"

"ಸರಿಯಾಗಿ ನೋಡು. ಅರ್ಧ ದಾರಿಗೆ ಅರ್ಧ ಆಗಬೇಕು."

ದಾನೇಶ್ವರಿ ಮತ್ತೊಮ್ಮೆ ಅಳೆದಳು. ಇಪ್ಪತ್ತೇ. ಇನ್ನೊಂದು ಕಡೆ ಹೋಗಿ ಅಳೆದಳು. ಅಲ್ಲೂ ಇಪ್ಪತ್ತು. ಆಗ ಅವಳಿಗೆ ಹೊಳೆಯಿತು. ಗೋಳದ ತೊಳೆ ತ್ರಿಕೋನದ ಹಾಗೆ ನೇರವಾಗಿ ಕಿರಿದಾಗುವುದಿಲ್ಲ. ಬಹಳ ದೂರದವರೆಗೆ ಹೊಟ್ಟೆ ಉಬ್ಬಿಸಿಕೊಂಡೇ ಹೋಗಿ ನೆತ್ತಿಯ ಹತ್ತಿರ ಬೇಗ ಚೂಪಾಗುತ್ತದೆ. ಮಿಯಾಪುರದ ಶಾಲೆಯ ಕವರು ಯಾಕೆ ಸರಿಯಾಗಿ ಕೂರಲಿಲ್ಲ ಎಂಬುದೂ ತಿಳಿಯಿತು. ಇಳಿದು ಬಂದು ಕೇಳಿದಳು, "ಆವಾಗ ನೀವು ನೇರ ಗೆರಿ ಹೊಡದು ಕತ್ತರಿಸಿದ್ರಿ, ಹೌದಲ್ರಿ?"

"ಹೌದು. ಬಿಗಿ ಆತು. ಅದಕ್ಕ ನಡುನಡುವ ತ್ಯಾಪಿ ಹಚ್ಚಿದೆ," ಎಂದು ಮೌನಪ್ಪ ಎರಡು ವರ್ಷದ ಗುಟ್ಟನ್ನು ಬಿಟ್ಟುಕೊಟ್ಟ.

ಮನೆಗೆ ಬಂದು ಅವಳು ಹಳೆಯ ಪೇಪರುಗಳನ್ನು ಅಂಟಿಸಿ ಅರ್ಧ ತೊಳೆಯ ಮಾದರಿ ಕತ್ತರಿಸಿದಳು. ಹೊಲಿಗೆಗೆಂದು ಅಂಚು ಬಿಟ್ಟಳು. ಒಂದರ ತಲೆಯ ಪಕ್ಕಕ್ಕೆ ಇನ್ನೊಂದರ ಬುಡ ಬರುವಂತೆ ಮಲಗಿಸಿ ನೋಡಿದರೆ, ಎರಡು ಮಾದರಿಗಳು ಸ್ಯಾಟಿನ್ನಿನ ಪನ್ನದೊಳಗೆ ಒಂದಕ್ಕೊಂದು ಒತ್ತಿಕೊಂಡು ಕೂತವು. ಹಾಗೆ ಕತ್ತರಿಸಿದರೆ ಒಟ್ಟು ನಲವತ್ತೆಂಟು ಮೀಟರಿನಲ್ಲಿ ಕೆಲಸ ಮುಗಿಯುತ್ತಿತ್ತು.

ಇನ್ನು ಇಪ್ಪತ್ತೆರಡು ಮೀಟರ್ ಬೇಕು. ಮೌನಪ್ಪ ಭಾನುವಾರ ಬೆಳಿಗ್ಗೆ ಹೊರಟವನು ಮಧ್ಯಾಹ್ನದವರೆಗೆ ಏಳೆಂಟು ಅಂಗಡಿ ತಿರುಗಿದ. ಮರೂನ್ ಎಲ್ಲ ಕಡೆ ಇತ್ತು, ಆ ಮರೂನ್ ಎಲ್ಲೂ ಇರಲಿಲ್ಲ. ಒಂದು ಕಡೆ ಕಂದು, ಇನ್ನೊಂದು ಕಡೆ ಬದನೆಕಾಯಿ ಬಣ್ಣ. ತೇಪೆ ಹಾಕಿದಂತೆ ಕಾಣುತ್ತದೆ. ಬರಿಗೈಯಲ್ಲಿ ಬಂದು ಹಲಗೆಯ ಮೇಲೆ ಕೂತವನ ಬಾಯಿಂದ ಒಂದು ಮಾತೂ ಬರಲಿಲ್ಲ. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವನು ಹೀಗೆ ಸುಮ್ಮನೆ ಕೂತದ್ದನ್ನು ದಾನೇಶ್ವರಿ ನೋಡಿರಲಿಲ್ಲ. ಅವಳಿಗೆ ಅಯ್ಯೋ ಅನಿಸಿತು. ನೀರು ಕೊಟ್ಟು ಪಕ್ಕದಲ್ಲಿ ಕೂತಳು.

"ಹದಿನಾರು ತೊಳಿ ಅದಾವಲ್ರಿ. ಎಂಟು ಮರೂನ್ ಮಾಡೋಣು, ಎಂಟು ಬ್ಯಾರೆ ಬಣ್ಣ ಮಾಡೋಣು. ಒಂದು ಬಿಟ್ಟು ಒಂದು. ಎಂಟಕ್ಕ ಇಪ್ಪತ್ನಾಲ್ಕು ಮೀಟರ್ ಸಾಕು. ನೀವು ತಂದಿದ್ದರಾಗ ಇನ್ನೂ ಎರಡು ಮೀಟರ್ ಉಳೀತೈತಿ."

"ಮೇಡಂ ಒಪ್ಪಬೇಕಲ್ಲ?"

"ಕೇಳೋಣಲ್ಲ."

ಅವಳು ಕಿತ್ತಳೆ ಗಾತ್ರದ ರಬ್ಬರ್ ಚೆಂಡಿಗೆ ಮರೂನ್ ಮತ್ತು ಬಂಗಾರದ ಬಣ್ಣದ ತುಂಡುಗಳಿಂದ ಪುಟ್ಟ ಅಂಗಿ ಹೊಲಿದಳು. ಸೋಮವಾರ ಬೆಳಿಗ್ಗೆ ಅದನ್ನು ನೀಲಾಳ ಮೇಜಿನ ಮೇಲೆ ಇಟ್ಟಳು. ಒಂದೇ ಬಣ್ಣದ ಬಟ್ಟೆ ಸಾಲದೆ ಹೋಯಿತು, ತಪ್ಪು ನಮ್ಮದೇ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನೀಲಾಳ ಹುಬ್ಬು ಮೊದಲು ಗಂಟಿಕ್ಕಿತು. ಚೆಂಡನ್ನು ಕೈಯಲ್ಲಿ ಹಿಡಿದು ತಿರುಗಿಸಿದಳು. ಕಿಟಕಿಯ ಬೆಳಕಿಗೆ ಬಂಗಾರದ ತೊಳೆಗಳು ಹೊಳೆದವು.

"ಇದು ನಾನು ಹೇಳಿದ್ದಕ್ಕಿಂತ ಚೆನ್ನಾಗಿದೆ," ಎಂದಳು. "ಈ ಚೆಂಡು ನನಗೇ ಇರಲಿ."

ಮೌನಪ್ಪ ಕೂಡಲೇ ಹೋಗಿ ಇಪ್ಪತ್ತನಾಲ್ಕು ಮೀಟರ್ ಬಂಗಾರದ ಬಣ್ಣದ ಸ್ಯಾಟಿನ್ ತಂದ. ಸೋಮವಾರ, ಮಂಗಳವಾರ ಎರಡು ದಿನ ಅಂಗಡಿಯಲ್ಲಿ ಬೇರೆ ಕೆಲಸ ಮುಟ್ಟಲಿಲ್ಲ. ದಾನೇಶ್ವರಿ ಕತ್ತರಿಸಿದಳು, ಇಬ್ಬರೂ ಹೊಲಿದರು. ಜಾರುವ ಸ್ಯಾಟಿನ್ನು ಹಿಡಿದು ಹಿಡಿದು ಬೆರಳು ನೋಯುತ್ತಿದ್ದವು. ಹೊಲಿದಂತೆಲ್ಲ ಬಟ್ಟೆ ಗಲ್ಲಿಯವರೆಗೂ ಹರಡಿಕೊಂಡಿತು. ಹೋಗಿಬರುವವರು ಚಪ್ಪಲಿ ಕೈಯಲ್ಲಿ ಹಿಡಿದು ದಾಟಿ, ಯಾರ ಮದುವೆ ಎಂದು ಕೇಳಿದರು. ಗೋಳಕ್ಕೆ ತೊಡಿಸಲು, ಬೀಳಿಸಲು ಅನುಕೂಲವಾಗಲೆಂದು ಅವಳು ಎದುರುಬದುರಿನ ಎರಡು ಅಂಚುಗಳನ್ನು ಹೊಲಿಯದೆ ಬಿಟ್ಟಿದ್ದಳು. ಕೂಸಿನ ಕುಲಾವಿಗೆ ಇರುವಂಥ ಕಸೆಗಳನ್ನು ಆ ಅಂಚಿಗೆ ಸಾಲಾಗಿ ಇಟ್ಟು, ಎಲ್ಲವನ್ನೂ ಜಾರುಗಂಟು ಹಾಕಿ, ಒಂದೇ ಹಗ್ಗಕ್ಕೆ ಜೋಡಿಸಿದಳು. ಹಗ್ಗ ಎಳೆದರೆ ಗಂಟುಗಳೆಲ್ಲ ಬಿಚ್ಚಬೇಕು.

ಬುಧವಾರ ಬೆಳಿಗ್ಗೆ ತೊಡಿಸಿ ನೋಡಿದರು. ಸಾರುವೆಯ ಮೇಲೆ ನಿಂತು ನಾಲ್ಕು ಜನ ಎರಡೂ ಭಾಗಗಳನ್ನು ಎಳೆದು ಕಟ್ಟಿದಾಗ ಹನ್ನೆರಡು ಅಡಿಯ ಗೋಳದ ಮೇಲೆ ಒಂದು ಮಡಿಕೆಯೂ ಇರಲಿಲ್ಲ. ಕಟ್ಟಡದ ಕಿಟಕಿಗಳಲ್ಲಿ ತಲೆಗಳು ಕಾಣಿಸಿಕೊಂಡವು. ನೀಲಾ ಚಪ್ಪಾಳೆ ತಟ್ಟಿ, "ಈಗ ಬೀಳಿಸಿ ನೋಡೋಣ," ಎಂದು ತಾನೇ ಹಗ್ಗ ಎಳೆದಳು.

ಮೂರು ಕಸೆ ಬಿಚ್ಚಿದವು. ಉಳಿದವು ಎಳೆದಷ್ಟೂ ಬಿಗಿಯಾದವು. ಇನ್ನೂ ಜೋರಾಗಿ ಎಳೆದಾಗ ಗಂಟುಗಳು ಕಗ್ಗಂಟಾಗಿ, ಭೂಗೋಳ ಅರ್ಧ ತಲೆ ಹೊರಹಾಕಿ ನಿಂತುಬಿಟ್ಟಿತು, ಬನಿಯನ್ ಕೊರಳಿಗೆ ಸಿಕ್ಕಿಕೊಂಡವರ ಹಾಗೆ. ಕಿಟಕಿಯಲ್ಲಿ ಯಾರೋ ನಕ್ಕರು. ನೀಲಾ ನಗಲಿಲ್ಲ. "ನಾಳೆ ಹನ್ನೊಂದು ಗಂಟೆಗೆ ಕಾರ್ಯಕ್ರಮ," ಎಂದಷ್ಟೇ ಹೇಳಿದಳು.

ದಾನೇಶ್ವರಿಗೆ ಕಣ್ಣು ತುಂಬಿ ಬಂತು. ಅಳತೆ ಎಲ್ಲ ಸರಿ ಮಾಡಿ, ಗಂಟಿನಲ್ಲಿ ಸೋತಿದ್ದಳು. ಮೌನಪ್ಪ ಮಾತ್ರ ಗೋಳದ ಸುತ್ತ ಒಂದು ಸುತ್ತು ಬಂದು, ಅಂಚನ್ನು ಬೆರಳಿನಿಂದ ಹಿಡಿದು ನೋಡಿ, ಹೆಂಡತಿಯ ಹತ್ತಿರ ಬಂದ.

"ನಾ ರಾಯಚೂರಾಗ ಹತ್ತಿ ಲಾರಿಗೆ ತಾಡಪತ್ರಿ ಕಟ್ಟತಿದ್ದೆ, ನೆಪ್ಪೈತೇನು?"

"ಹೂಂ. ಲಗ್ನಕ್ಕಿಂತ ಮೊದಲ."

"ಅದಕ್ಕ ಗಂಟೇ ಹಾಕಂಗಿಲ್ಲ. ಒಂದು ಅಂಚಿಗೆ ತೂತು, ಇನ್ನೊಂದು ಅಂಚಿಗೆ ಹಗ್ಗದ ಕುಣಿಕಿ. ಕುಣಿಕಿ ತೂತಿನ್ಯಾಗ ಹಾಯಿಸಿ ತಗೀಬೇಕು, ಅದರೊಳಗ ಮುಂದಿನ ಕುಣಿಕಿ ಹಾಯಿಸಬೇಕು, ಅದರೊಳಗ ಅದರ ಮುಂದಿಂದು. ಒಂದನ್ನ ಒಂದು ಹಿಡಕೊಂಡು ಕುಂದರ್ತಾವ. ಕಡೀ ಕುಣಿಕಿಗೆ ಒಂದು ಗೂಟ. ಗೂಟ ಕಿತ್ತಿವೋ, ಸರ್ರ್ ಅಂತ ಎಲ್ಲಾ ಬಿಚ್ಚಿಕೊಂಡು ಹೊಕ್ಕಾವ. ಬಟ್ಟಿ ಭಾರಕ್ಕ ತಾವ ಬಿಚ್ಚತಾವ, ನಾವು ಎಳೆಯೋದೂ ಬೇಕಾಗಿಲ್ಲ."

ದಾನೇಶ್ವರಿ ಕಣ್ಣೊರೆಸಿಕೊಂಡು ಕೇಳಿದಳು, "ಗೂಟ ಎಲ್ಲಿ ಇಡ್ತೀರಿ?"

"ನೆತ್ತಿ ಮ್ಯಾಲ. ಎರಡೂ ಕಡಿಂದ ಕೆಳಗಿಂದ ಕುಣಿಕಿ ಹಾಕ್ಕೋತ ಮ್ಯಾಲ ಹೋಗಿ ನೆತ್ತ್ಯಾಗ ಕೂಡಸ್ತೀನಿ. ಅಲ್ಲಿಂದ ಸಣ್ಣ ಹಗ್ಗ ಕೆಳಗ ಬಿಡ್ತೀನಿ."

ಅವಳು ಒಂದು ಕ್ಷಣ ಅವನ ಮುಖ ನೋಡಿದಳು. "ಇಷ್ಟು ದಿನ ಯಾಕ ಹೇಳಲಿಲ್ಲ?"

"ನೀ ಕೇಳಲಿಲ್ಲಲ್ಲ! ಅಳತ್ಯಾಗ ಸೋತಾಂವ, ನಾನ ಬಾಯಿ ಹಾಕೂದು ಬ್ಯಾಡ ಅಂತ ಸುಮ್ಮನಿದ್ದೆ."

ಕಟ್ಟಡದ ಒಳಗಿನ ತಂಪಾದ ಮೊಗಸಾಲೆಯಲ್ಲಿ ನೀಲಾ ಅವರಿಗೆ ಜಾಗ ಬಿಡಿಸಿಕೊಟ್ಟಳು. ಕಸೆಗಳನ್ನು ಕಿತ್ತರು. ಒಂದು ಅಂಚಿಗೆ ದಾನೇಶ್ವರಿ ತೂತು ಮಾಡಿ ಕಾಜಾ ಹೊಲಿಯುತ್ತ ಬಂದಳು, ಎದುರಿನ ಅಂಚಿಗೆ ಮೌನಪ್ಪ ರೇಷ್ಮೆ ಹಗ್ಗದ ಕುಣಿಕೆ ಕೂರಿಸುತ್ತ ಹೋದ. ಮಧ್ಯಾಹ್ನ ನಾಲ್ಕಕ್ಕೆ ಮತ್ತೆ ತೊಡಿಸಿದರು. ಮೌನಪ್ಪ ಹಗ್ಗವನ್ನು ಮೆಲ್ಲಗೆ ಜಗ್ಗಿದ. ನೆತ್ತಿ ಬಿರಿಯಿತು. ಎರಡೂ ಕಡೆ ಕುಣಿಕೆಗಳು ಒಂದರ ಹಿಂದೆ ಒಂದು ಕಳಚಿಕೊಳ್ಳುತ್ತ ಇಳಿದು, ಸ್ಯಾಟಿನ್ನಿನ ಎರಡು ಹೋಳುಗಳು ಎಡಕ್ಕೂ ಬಲಕ್ಕೂ ಜಾರಿ ಬಿದ್ದವು. ಬಣ್ಣದವರೇ ಮೊದಲು ಸಿಳ್ಳೆ ಹಾಕಿದರು. ನೀಲಾ ಇನ್ನೊಮ್ಮೆ, ಇನ್ನೊಮ್ಮೆ ಎಂದು ಮೂರು ಸಲ ತೊಡಿಸಿ ಬೀಳಿಸಿದಳು. ಮೂರೂ ಸಲ ಬಿತ್ತು.

ಗುರುವಾರ ಗಂಡ ಹೆಂಡತಿ ಒಳ್ಳೆಯ ಬಟ್ಟೆ ಉಟ್ಟುಕೊಂಡು ಹೋದರು. ಸಾರುವೆ ಬಿಚ್ಚಿದ್ದರು. ಬಿಸಿಲಿಗೆ ಮರೂನ್ ಮತ್ತು ಬಂಗಾರದ ಗೋಳ ಹೊಳೆಯುತ್ತಿತ್ತು. ಹೊರದೇಶದ ಅತಿಥಿ ಎತ್ತರದ, ನರೆಗೂದಲಿನ ಹೆಂಗಸು. ಅವಳು ಹಗ್ಗ ಹಿಡಿದು ಮೆಲ್ಲಗೆ ಎಳೆದಳು. ಏನೂ ಆಗಲಿಲ್ಲ. ಮೌನಪ್ಪ ದಾನೇಶ್ವರಿಯ ಮುಂಗೈ ಹಿಡಿದುಕೊಂಡ. ಎಲ್ಲರ ಎದುರಿಗೆ ಅವನು ಹಾಗೆ ಕೈ ಹಿಡಿದದ್ದು ಅದೇ ಮೊದಲು. ಅತಿಥಿ ನಕ್ಕು, ಇನ್ನೊಂದು ಸಲ ತುಸು ಗಟ್ಟಿಯಾಗಿ ಜಗ್ಗಿದಳು. ಗೂಟ ಹಾರಿತು. ಸರ್ರನೆ ಅಂಗಿ ಎರಡಾಗಿ ಬಿಚ್ಚಿ ನೆಲಕ್ಕೆ ಇಳಿಯಿತು, ನೀಲಿ ಭೂಗೋಳ ಪೂರ್ತಿ ಕಾಣಿಸಿಕೊಂಡಿತು, ಚಪ್ಪಾಳೆ ಎದ್ದಿತು.

ಆದರೆ ಅತಿಥಿ ಭೂಗೋಳವನ್ನು ನೋಡಿದ್ದು ಸ್ವಲ್ಪ ಹೊತ್ತು ಮಾತ್ರ. ಬಗ್ಗಿ ಬಟ್ಟೆಯ ಅಂಚು ಎತ್ತಿ, ಹೊಲಿಗೆಯ ಮೇಲೆ ಬೆರಳಾಡಿಸಿ, ಇದನ್ನು ಯಾರು ಮಾಡಿದರು ಎಂದು ಕೇಳಿದಳು. ನೀಲಾ ಜನರ ನಡುವಿನಿಂದ ಇಬ್ಬರನ್ನೂ ಕರೆತಂದಳು. ಅಳತೆ ಹೇಗೆ ಸಿಕ್ಕಿತು ಎಂದು ಅತಿಥಿ ಕೇಳಿದ್ದನ್ನು ನೀಲಾ ಹಿಂದಿಯಲ್ಲಿ ಹೇಳಿದಾಗ, ದಾನೇಶ್ವರಿ, "ಸಂತರೇ ಕಾ ಛಿಲ್ಕಾ," ಎಂದು ಕಿತ್ತಳೆ ಸಿಪ್ಪೆಯ ಮಾತು ಹೇಳಿದಳು. ನಾಲ್ಕು ಬೆರಳು ಎತ್ತಿ, ಗಾಳಿಯಲ್ಲಿ ನಾಲ್ಕು ವೃತ್ತ ಬರೆದು ತೋರಿಸಿದಳು. ಅತಿಥಿಗೆ ಎಷ್ಟು ತಿಳಿಯಿತೋ, ಅವಳು ದಾನೇಶ್ವರಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದಳು. "ಕುಣಿಕೆ ಇವರದು," ಎಂದು ದಾನೇಶ್ವರಿ ಗಂಡನನ್ನು ಮುಂದೆ ತಳ್ಳಿದಳು.

ಸುದ್ದಿ ಕೂಕಟ್‌ಪಲ್ಲಿಗೆ ಅವರಿಗಿಂತ ಮುಂಚೆ ಮುಟ್ಟಿತ್ತು. ಮೌನಪ್ಪನ ಫೋನು ಅದಕ್ಕೆ ಕಾರಣ. ವಿಜಯಶ್ರೀ ಅವರನ್ನು ಮೆಟ್ಟಿಲ ಮೇಲೆಯೇ ತಡೆದಳು.

"ಭಾನುವಾರ ನೀವು ನನ್ನ ಹುಡುಗರಿಗೆ ಒಂದು ತಾಸು ಬಂದು ತೋರಸ್ರಿ. ನಾ ಸೂತ್ರ ಹೇಳಿ ಹೇಳಿ ಸಾಕಾಗೇತಿ. ಪಾಠ ಮುಗಿಯೋದ್ರೊಳಗ ಮರೀತಾರ."

"ನಾ ಏನು ಕಲಸ್ಲಿ ಟೀಚರ್ರ?" ಎಂದು ದಾನೇಶ್ವರಿ ನಾಚಿದಳು. ಆದರೂ ಭಾನುವಾರ ಕತ್ತರಿ, ಟೇಪು, ತುಂಡು ಬಟ್ಟೆಯ ಗಂಟು ತೆಗೆದುಕೊಂಡು ಹೋದಳು. ಹದಿನೈದು ಮಕ್ಕಳು ಒಂದು ಫುಟ್‌ಬಾಲಿನ ಸುತ್ತ ಕೂತರು. ದಾರ ಇಳಿಬಿಟ್ಟರು, ಅಳೆದರು, ಜಗಳವಾಡಿದರು, ಸೂಜಿ ಚುಚ್ಚಿಸಿಕೊಂಡರು. ಫುಟ್‌ಬಾಲಿಗೆ ಅಂಗಿ ಸಿದ್ಧವಾಯಿತು. ಒಂದು ಕಡೆ ಸ್ವಲ್ಪ ಸೊಟ್ಟ, ಆದರೆ ಕೂತಿತು.

ಎಲ್ಲರೂ ಏಳುವ ಹೊತ್ತಿಗೆ ತಾರಾ ಕೈ ಎತ್ತಿದಳು. ಅವ್ವನನ್ನು ಟೀಚರ್ ಎನ್ನಬೇಕೋ ಅವ್ವಾ ಎನ್ನಬೇಕೋ ತಿಳಿಯದೆ ಒಂದು ಕ್ಷಣ ತಡವರಿಸಿ ಕೇಳಿದಳು.

"ತತ್ತಿಗೆ ಎಷ್ಟು ಬಟ್ಟಿ ಬೇಕು?"

ದಾನೇಶ್ವರಿ ವಿಜಯಶ್ರೀಯ ಕಡೆ ನೋಡಿದಳು. ವಿಜಯಶ್ರೀ ಪುಸ್ತಕದ ಹಾಳೆ ತಿರುವಿ, "ಹತ್ತನೇತ್ತೆವರೆಗೂ ಇದು ಇಲ್ಲ ನೋಡ್ರಿ," ಎಂದಳು.

"ನಂಗೂ ಗೊತ್ತಿಲ್ಲ," ಎಂದಳು ದಾನೇಶ್ವರಿ. ಗೊತ್ತಿಲ್ಲ ಎನ್ನಲು ಅವಳಿಗೆ ಆ ದಿನ ಏನೂ ಅಂಜಿಕೆ ಇರಲಿಲ್ಲ. "ಅಳದು ನೋಡೋಣು. ಯಾರರೆ ಒಂದು ತತ್ತಿ ತಗೊಂಡು ಬರ್ರಿ."

"ಅಯ್ಯ, ನಮ್ಮ ಮನಿಯೊಳಗ ತತ್ತಿ ತರಂಗಿಲ್ರಿ!" ಎಂದು ವಿಜಯ‌ಶ್ರೀ ಬಾಗಿಲಿಗೆ ಅಡ್ಡ ನಿಂತಳು. ಆದರೆ ಅವಳಿಗೂ ಉತ್ತರ ತಿಳಿಯುವ ಆಸೆ. ಕೊನೆಗೆ ಪಾಠ ಮೆಟ್ಟಿಲಿಗೆ ವರ್ಗವಾಯಿತು. ಹದಿನೈದು ಮಕ್ಕಳು ಮೇಲಿಂದ ಕೆಳಗಿನವರೆಗೆ ಒಂದೊಂದು ಮೆಟ್ಟಿಲಿನ ಮೇಲೆ ಕೂತರು. ನಡುವಿನ ಮೆಟ್ಟಿಲಿನಲ್ಲಿ ದಾನೇಶ್ವರಿ ಬಿಳಿ ತತ್ತಿಯೊಂದನ್ನು ಬೆರಳ ತುದಿಯಲ್ಲಿ ಹಿಡಿದು, ಅದರ ನಡುವಿಗೆ ದಾರ ಸುತ್ತತೊಡಗಿದಳು. ವಿಜಯಶ್ರೀ ತನ್ನ ಹೊಸ್ತಿಲ ಒಳಗೆ ನಿಂತು, ಕತ್ತು ಚಾಚಿ, ಎಷ್ಟು ಬಂತು ಎಂದು ಎಲ್ಲರಿಗಿಂತ ಮೊದಲು ಕೇಳಿದಳು.